ಚಂಡಮಾರುತದ ದಾರಿಯಲ್ಲಿ ವಿಮಾನದಿಂದ ಬೀಳಿಸುವ ತೇಲುಬುರುಡೆಗಳು: ಅವು ಅಳೆಯುವುದೇನು, ನಂಬಬಹುದಾದದ್ದೆಷ್ಟು?

ಓದುಗರ ಪ್ರಶ್ನೆ: "ನಮ್ಮ ಊರು ಕುಂದಾಪುರದ ಹತ್ತಿರ. ಹಲವು ವರ್ಷಗಳಿಂದ ಅಮೆರಿಕದ ಫ್ಲೋರಿಡಾದಲ್ಲಿ, ಟ್ಯಾಂಪಾ ಪಕ್ಕದಲ್ಲಿ ಇದ್ದೇವೆ. 2024ರ ಅಕ್ಟೋಬರಿನಲ್ಲಿ ಮಿಲ್ಟನ್ ಹರಿಕೇನ್ ಬರುತ್ತಿದೆ ಎಂದಾಗ ಮನೆಗೆ ಬೀಗ ಹಾಕಿ ಒಳನಾಡಿಗೆ ಹೋದೆವು. ಐದನೇ ದರ್ಜೆಯ ಚಂಡಮಾರುತ ಎಂದಿದ್ದರು. ಕೊನೆಗೆ ಅದು ಮೂರನೇ ದರ್ಜೆಯದಾಗಿ ನಮ್ಮ ದಕ್ಷಿಣಕ್ಕೆ ಹಾದುಹೋಯಿತು. ವಿಮಾನದಿಂದ ಸಮುದ್ರಕ್ಕೆ ಉಪಕರಣಗಳನ್ನು ಬೀಳಿಸುವುದನ್ನು ಟಿವಿಯಲ್ಲಿ ತೋರಿಸುತ್ತಾರೆ. ಉಪಗ್ರಹಗಳು ಇರುವಾಗ ಇದರ ಅಗತ್ಯವೇನು? ಸಾವಿರಾರು ಅಡಿ ಮೇಲಿನಿಂದ ನೀರಿಗೆ ಬಡಿದ ಸೂಕ್ಷ್ಮ ಉಪಕರಣದ ಲೆಕ್ಕವನ್ನು ನಂಬಿ ಮನೆ ಬಿಡಬಹುದೆ? ಇವು ಜಲಾಂತರ್ಗಾಮಿ ಹುಡುಕುವ ಮಿಲಿಟರಿ ಸಾಧನಗಳು, ಹವಾಮಾನ ಬರೀ ನೆಪ ಎಂದು ಗೆಳೆಯರೊಬ್ಬರು ವಾದಿಸುತ್ತಾರೆ. ಬಳಸಿದ ಮೇಲೆ ಅವು ಕಡಲಿನ ಕಸವಾಗುವುದಿಲ್ಲವೆ? ಗಂಗೊಳ್ಳಿಯಲ್ಲಿ ಮೀನುಗಾರಿಕೆ ಮಾಡುವ ನನ್ನ ಅಣ್ಣನ ಬಲೆಗೂ ಒಮ್ಮೆ ಇಂಥದೇ ಒಂದು ಕೊಳವೆ ಸಿಕ್ಕಿತ್ತು. 2021ರಲ್ಲಿ ತೌಕ್ತೆ ಬಂದಂಥ ನಮ್ಮ ಕಡಲಿನಲ್ಲಿ ಈ ಕೆಲಸ ಮಾಡುವುದಾದರೆ ಯಾವ ಉಪಕರಣ ಸರಿ?"

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಅಡಿಯಲ್ಲಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ. ಕುಟುಂಬ ಸಮೇತ ಮನೆ ಬಿಡುವಂಥ ದೊಡ್ಡ ನಿರ್ಧಾರ, ಎಲ್ಲಿಯೋ ಅಲೆಗಳ ನಡುವೆ ಬಿದ್ದು ಕೆಲವೇ ನಿಮಿಷ ಬದುಕಿರುವ ಒಂದು ಕೊಳವೆಯ ಮಾತಿನ ಮೇಲೆ ನಿಂತಿದೆಯೆ, ಮತ್ತು ಆ ಕೊಳವೆ ಹೇಳುವುದು ನಿಜವೆ ಎಂಬುದೇ ಆ ಆತಂಕ. ಸಮುದ್ರದ ಸಂವೇದಕಗಳ ಜೊತೆ ವೃತ್ತಿಜೀವನ ಕಳೆದವನಾಗಿ ಇದಕ್ಕೆ ನೇರವಾಗಿ ಉತ್ತರಿಸುತ್ತೇನೆ. ಆ ಕೊಳವೆಯಷ್ಟು ಚೆನ್ನಾಗಿ ಹೇಳಬಲ್ಲ ಬೇರೆ ಸಾಧನವಿಲ್ಲದ ಒಂದು ಸಂಗತಿಯಿದೆ: ಚಂಡಮಾರುತದ ದಾರಿಯಲ್ಲಿ ಬಿಸಿನೀರು ಎಷ್ಟು ಆಳದವರೆಗೆ ಇದೆ ಎಂಬುದು. ಅದನ್ನು ಅದು ಸಾಕಷ್ಟು ನಂಬಿಕೆಗೆ ಅರ್ಹವಾಗಿಯೇ ಹೇಳುತ್ತದೆ. ಆದರೆ ನೀವು ಮನೆ ಬಿಡಬೇಕೆ ಬೇಡವೆ ಎಂಬುದು ಆ ಸಂಗತಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಟಿವಿಯಲ್ಲಿ ಹೆಚ್ಚಾಗಿ ತೋರಿಸುವುದು ಡ್ರಾಪ್‌ಸೋಂಡ್ ಎಂಬ ಹಗುರ ಕೊಳವೆಯನ್ನು. ಅದು ಪುಟ್ಟ ಪ್ಯಾರಾಶೂಟಿನಲ್ಲಿ ಇಳಿಯುತ್ತಾ ಗಾಳಿಯ ಒತ್ತಡ, ಉಷ್ಣತೆ, ತೇವಾಂಶ ಮತ್ತು ವೇಗವನ್ನು ಅಳೆಯುತ್ತದೆ. ನೀರು ಮುಟ್ಟಿದಲ್ಲಿಗೆ ಅದರ ಕೆಲಸ ಮುಗಿಯಿತು. ನೀವು ಕೇಳುತ್ತಿರುವ ಉಪಕರಣದ ಕೆಲಸ ಶುರುವಾಗುವುದೇ ಅಲ್ಲಿಂದ. ಮಿಸಿಸಿಪ್ಪಿಯ ಕೀಸ್ಲರ್ ವಾಯುನೆಲೆಯಲ್ಲಿರುವ 53ನೇ ಹವಾಮಾನ ವಿಚಕ್ಷಣಾ ಸ್ಕ್ವಾಡ್ರನ್ನಿನ ಸಿ-130 ವಿಮಾನಗಳು ಮತ್ತು ಫ್ಲೋರಿಡಾದ ಲೇಕ್‌ಲ್ಯಾಂಡ್‌ನಿಂದ ಹಾರುವ, ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾದ ಎರಡು ಪಿ-3 ಓರಿಯಾನ್ ವಿಮಾನಗಳು ಎರಡು ಬಗೆಯ ಉಪಕರಣಗಳನ್ನೂ ಬೀಳಿಸುತ್ತವೆ.

ಉಪಗ್ರಹಗಳಿರುವಾಗ ಇದೇಕೆ ಎಂಬ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು, ಏಕೆಂದರೆ ವಿಷಯದ ತಿರುಳು ಇರುವುದು ಇಲ್ಲಿಯೇ. ಉಪಗ್ರಹದ ಅವಕೆಂಪು ಸಂವೇದಕ ಸಮುದ್ರದ ಹೊರಚರ್ಮದ ಉಷ್ಣತೆಯನ್ನಷ್ಟೇ ನೋಡಬಲ್ಲದು, ಅದೂ ಮೋಡವಿಲ್ಲದಿದ್ದಾಗ. ಸೂಕ್ಷ್ಮತರಂಗ ಸಂವೇದಕ ಮೋಡವನ್ನು ದಾಟಿ ನೋಡುತ್ತದೆ. ಆದರೆ ಜೋರು ಮಳೆ ಅದನ್ನೂ ಕುರುಡಾಗಿಸುತ್ತದೆ, ಹರಿಕೇನ್‌ನ ನಡುಭಾಗದಲ್ಲಿ ಇರುವುದೇ ಜೋರು ಮಳೆ. ಇವೆಲ್ಲ ಸರಿಯಾಗಿ ಕೆಲಸ ಮಾಡಿದವು ಎಂದುಕೊಂಡರೂ ನಮಗೆ ಸಿಗುವುದು ಮೇಲ್ಮೈಯ ಉಷ್ಣತೆ ಮಾತ್ರ. ಚಂಡಮಾರುತಕ್ಕಾದರೋ ಆ ಬಿಸಿನೀರು ಎಷ್ಟು ಆಳದವರೆಗೆ ಇದೆ ಎಂಬುದು ಅದಕ್ಕಿಂತ ಮುಖ್ಯ.

ಏಕೆಂದರೆ ಚಂಡಮಾರುತ ಸಮುದ್ರವನ್ನು ಇದ್ದ ಹಾಗೆಯೇ ಬಿಡುವುದಿಲ್ಲ. ಅದರ ಗಾಳಿ ಮೇಲ್ಪದರದ ನೀರನ್ನು ಜೋರಾಗಿ ತಳ್ಳುತ್ತದೆ. ಓಡುತ್ತಿರುವ ಆ ಮೇಲ್ಪದರಕ್ಕೂ ಅದರ ಕೆಳಗೆ ನಿಂತಿರುವ ತಣ್ಣನೆಯ ನೀರಿಗೂ ನಡುವೆ ತಿಕ್ಕಾಟ ಉಂಟಾಗಿ ಕೆಳಗಿನ ನೀರು ಮೇಲಕ್ಕೆ ಬೆರೆಯತೊಡಗುತ್ತದೆ. ಬಿಸಿ ಪದರ ತೆಳುವಾಗಿದ್ದರೆ ಚಂಡಮಾರುತ ತನ್ನ ಕೆಳಗಿನ ನೀರನ್ನು ತಾನೇ ತಣ್ಣಗಾಗಿಸಿಕೊಂಡು, ತನಗೆ ಸಿಗುವ ಶಾಖವನ್ನು ತಾನೇ ಕಡಿತ ಮಾಡಿಕೊಳ್ಳುತ್ತದೆ. ನಿಧಾನವಾಗಿ ಸಾಗುವ ಚಂಡಮಾರುತದಲ್ಲಿ ಇದು ಇನ್ನೂ ಹೆಚ್ಚು. 2004ರಲ್ಲಿ ಫ್ರಾನ್ಸಿಸ್ ಹರಿಕೇನ್‌ನ ದಾರಿಯಲ್ಲಿ ವಿಮಾನದಿಂದ ಇಳಿಸಿದ್ದ, ಮೇಲೆ ಕೆಳಗೆ ಓಡಾಡುತ್ತಾ ಅಳೆಯುವ ತೇಲುಕಗಳು ಈ ಬೆರಕೆಯನ್ನು ಅದು ನಡೆಯುತ್ತಿರುವಾಗಲೇ ದಾಖಲಿಸಿದವು. ಗಾಳಿ ಅತ್ಯಂತ ಜೋರಾಗಿದ್ದ ಕಡೆಯಲ್ಲಿ, ಅಂದರೆ ಪಥದ ಬಲಕ್ಕೆ, ಮೇಲ್ಮೈ 2 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ತಣ್ಣಗಾಗಿತ್ತು. ಬಲಕ್ಕೇ ಏಕೆಂದರೆ, ಉತ್ತರ ಗೋಳಾರ್ಧದಲ್ಲಿ ಭೂಮಿಯ ತಿರುಗುವಿಕೆಯಿಂದಾಗಿ ನೀರಿನ ಓಟ ಬಲಕ್ಕೆ ಹೊರಳುತ್ತಾ ಹೋಗುತ್ತದೆ. ಪಥದ ಬಲಬದಿಯಲ್ಲಿ ಗಾಳಿಯ ದಿಕ್ಕೂ ಅದೇ ಕ್ರಮದಲ್ಲಿ ಹೊರಳುವುದರಿಂದ ಎರಡೂ ಒಂದಕ್ಕೊಂದು ಕೂಡಿಕೊಂಡು ಬೆರಕೆಯನ್ನು ಬಲಪಡಿಸುತ್ತವೆ.

ಬಿಸಿ ಪದರ ಆಳವಾಗಿದ್ದರೆ ಎಷ್ಟು ಕಲಕಿದರೂ ಮೇಲೆ ಬರುವುದು ಬಿಸಿನೀರೇ. ನಿಮ್ಮ ಮೆಕ್ಸಿಕೊ ಕೊಲ್ಲಿಯಲ್ಲಿ ಇದರ ಅತ್ಯುತ್ತಮ ಉದಾಹರಣೆ, ಕೆರಿಬಿಯನ್ ಕಡೆಯಿಂದ ಕೊಲ್ಲಿಯೊಳಕ್ಕೆ ಬಂದು ಬಳಸಿ ಹೊರಹೋಗುವ ಬೆಚ್ಚನೆಯ ಲೂಪ್ ಪ್ರವಾಹ ಮತ್ತು ಅದರಿಂದ ಕಳಚಿಕೊಂಡು ಪಶ್ಚಿಮಕ್ಕೆ ತೇಲುವ ಬೆಚ್ಚನೆಯ ದೊಡ್ಡ ಸುಳಿಗಳು. ಅವುಗಳಲ್ಲಿ 26 ಡಿಗ್ರಿಯ, ಅಂದರೆ ಚಂಡಮಾರುತ ಬಲಿಯಲು ಸಾಮಾನ್ಯವಾಗಿ ಬೇಕಾಗುವಷ್ಟು ಬಿಸಿಯ ನೀರು 100 ಮೀಟರಿಗೂ ಕೆಳಗೆ ಇರುತ್ತದೆ. ಕೊಲ್ಲಿಯ ಉಳಿದ ನೀರಿನಲ್ಲಿ ಸಾಮಾನ್ಯವಾಗಿ ಅದರ ಅರ್ಧದಷ್ಟು ಆಳಕ್ಕೂ ಇರುವುದಿಲ್ಲ. ಬೇಸಿಗೆಯ ಕೊನೆಯಲ್ಲಿ ಕೊಲ್ಲಿಯ ಮೇಲ್ಮೈ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ ಬಿಸಿಗೆ ಬಂದುಬಿಡುವುದರಿಂದ ಮೇಲಿನಿಂದ ನೋಡುವ ಉಷ್ಣತಾ ಚಿತ್ರದಲ್ಲಿ ಈ ಸುಳಿ ಎಲ್ಲಿದೆ ಎಂಬುದೇ ಮರೆಯಾಗುತ್ತದೆ. 1995ರಲ್ಲಿ ಓಪಲ್ ಹರಿಕೇನ್ ಇಂಥ ಒಂದು ಸುಳಿಯ ಮೇಲೆ ಹಾದಾಗ, ಸುಮಾರು 14 ಗಂಟೆಗಳಲ್ಲಿ ಅದರ ಕೇಂದ್ರದ ಒತ್ತಡ 965ರಿಂದ 916 ಹೆಕ್ಟೊಪ್ಯಾಸ್ಕಲ್‌ಗೆ ಕುಸಿಯಿತು; ಕೇಂದ್ರದ ಒತ್ತಡ ಇಳಿದಷ್ಟೂ ಚಂಡಮಾರುತ ಪ್ರಬಲ. ಕರಾವಳಿಯ ಜನ ರಾತ್ರಿ ಮಲಗುವಾಗ ಇದ್ದ ಚಂಡಮಾರುತವೇ ಬೇರೆ, ಅಕ್ಟೋಬರ್ 4ರ ಬೆಳಿಗ್ಗೆ ಎದ್ದಾಗ ಕಂಡದ್ದೇ ಬೇರೆ. 2005ರಲ್ಲಿ ಕತ್ರೀನಾ ಮತ್ತು ರೀಟಾ ಎರಡೂ ಲೂಪ್ ಪ್ರವಾಹದ ಬೆಚ್ಚನೆಯ ನೀರಿನ ಮೇಲೆಯೇ ಬಲಿತವು.

ಸಮುದ್ರದ ಮಟ್ಟವನ್ನು ಅಳೆಯುವ ಉಪಗ್ರಹ ರೇಡಾರುಗಳು ಇಲ್ಲಿ ಒಂದಿಷ್ಟು ನೆರವಾಗುತ್ತವೆ ಎಂಬುದನ್ನೂ ಹೇಳಬೇಕು. ಬೆಚ್ಚನೆಯ ನೀರು ಹಿಗ್ಗುವುದರಿಂದ ಸುಳಿಯ ಮೇಲೆ ಸಮುದ್ರ ಸ್ವಲ್ಪ ಎತ್ತರವಾಗಿರುತ್ತದೆ; ಆ ಎತ್ತರದಿಂದ ಒಳಗಿನ ಶಾಖವನ್ನು ಅಂದಾಜು ಮಾಡಬಹುದು. ಆದರೆ ಅದು ಅಂದಾಜು, ಮತ್ತು ಉಪಗ್ರಹದ ಪಥಗಳ ನಡುವೆ ದೊಡ್ಡ ಅಂತರಗಳಿರುತ್ತವೆ. ಆರ್ಗೋ ಎಂಬ ಜಾಗತಿಕ ಜಾಲದ ಸುಮಾರು 4,000 ತೇಲುಕಗಳು 2,000 ಮೀಟರ್ ಆಳದಿಂದ ಮೇಲೆ ಬರುತ್ತಾ ಅಳೆಯುತ್ತವೆ. ಅವು ಅಳೆಯುವುದು ಹತ್ತು ದಿನಕ್ಕೊಮ್ಮೆ, ಒಂದಕ್ಕೂ ಇನ್ನೊಂದಕ್ಕೂ ನಡುವಿನ ದೂರ ಸರಾಸರಿ ಸುಮಾರು 300 ಕಿಲೋಮೀಟರ್. ನಾಡಿದ್ದು ಚಂಡಮಾರುತ ಹಾಯುವ ಜಾಗದಲ್ಲಿ ಇವತ್ತು ನೀರಿನ ಆಳದಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಅಲ್ಲಿಗೇ ಒಂದು ಉಪಕರಣವನ್ನು ಕಳುಹಿಸಬೇಕು. ಆ ಜಾಗಕ್ಕೆ ಆ ಹೊತ್ತಿಗೆ ಹಡಗು ಹೋಗುವುದಿಲ್ಲ, ವಿಮಾನವೇ ದಾರಿ.

ಇನ್ನು ನಂಬಿಕೆಯ ಪ್ರಶ್ನೆ. ಅತಿ ಹೆಚ್ಚು ಬಳಕೆಯಲ್ಲಿರುವ ಸಾಧನ, ವಿಮಾನದಿಂದ ಬೀಳಿಸಿ ಒಮ್ಮೆ ಬಳಸುವ ಬಾತಿಥರ್ಮೋಗ್ರಾಫ್, ಅಂದರೆ ನೀರಿನ ಉಷ್ಣತೆಯನ್ನು ಆಳಕ್ಕೆ ಇಳಿಯುತ್ತಾ ಅಳೆಯುವ ಉಪಕರಣ. ಸುಮಾರು 91 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಅಗಲದ ಕೊಳವೆ ಅದು. ವಿಮಾನದಿಂದ ಹೊರಬಿದ್ದೊಡನೆ ಪ್ಯಾರಾಶೂಟ್ ಬಿಚ್ಚಿಕೊಂಡು ಅದರ ವೇಗವನ್ನು ತಗ್ಗಿಸುತ್ತದೆ. ನೀರು ಮುಟ್ಟಿದಾಗ ಬ್ಯಾಟರಿ ಚಾಲೂ ಆಗುತ್ತದೆ, ಗಾಳಿಚೀಲವೊಂದು ಉಬ್ಬಿ ಆಂಟೆನಾವನ್ನು ನೀರಿನ ಮೇಲೆ ಎತ್ತಿ ಹಿಡಿಯುತ್ತದೆ. ಆಗ ವಿಮಾನದಲ್ಲಿರುವ ರಿಸೀವರಿಗೆ ರೇಡಿಯೋ ಸಂಕೇತ ಕೇಳಿಸುತ್ತದೆ, ಆದರೆ ಅದರಲ್ಲಿ ಇನ್ನೂ ಸ್ವರವಿಲ್ಲ. ಸ್ವಲ್ಪ ಹೊತ್ತಿನ ನಂತರ ಒಳಗಿನ ಶೋಧಕ ಕಳಚಿಕೊಂಡು, ಗಾಳಿಪಟದ ದಾರದ ಉಂಡೆಯಂತೆ ಸಣ್ಣ ತಾಮ್ರದ ತಂತಿಯನ್ನು ಬಿಚ್ಚುತ್ತಾ ಮುಳುಗತೊಡಗುತ್ತದೆ. ಆ ಕ್ಷಣಕ್ಕೇ ಸ್ವರ ಮೊದಲಾಗುತ್ತದೆ. ಶೋಧಕದ ತುದಿಯಲ್ಲಿರುವ ಥರ್ಮಿಸ್ಟರ್‌ನ ವಿದ್ಯುತ್ ರೋಧ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ, ಆ ಬದಲಾವಣೆಯನ್ನು ವಿದ್ಯುನ್ಮಂಡಲ ಸ್ವರದ ಏರಿಳಿತವಾಗಿ ಮಾರ್ಪಡಿಸುತ್ತದೆ. ಲೆಕ್ಕ ಸರಳವಾಗಿದೆ: ಸೆಲ್ಸಿಯಸ್ ಉಷ್ಣತೆಯನ್ನು 36ರಿಂದ ಗುಣಿಸಿ 1440 ಕೂಡಿಸಿದರೆ ಸ್ವರದ ಆವರ್ತನ ಹರ್ಟ್ಸ್‌ನಲ್ಲಿ ಸಿಗುತ್ತದೆ. 30 ಡಿಗ್ರಿಯ ಮೇಲ್ಮೈ ನೀರಿಗೆ 2520 ಹರ್ಟ್ಸ್, 20 ಡಿಗ್ರಿಯ ಆಳದ ನೀರಿಗೆ 2160. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ, ಬಿಸಿ ಪದರದಲ್ಲಿ ಒಂದೇ ಶ್ರುತಿಯಲ್ಲಿ ನಿಂತ ಸೀಟಿ ತಣ್ಣನೆಯ ಪದರ ಬಂದೊಡನೆ ಇಳಿಯತೊಡಗುವುದು ಕಿವಿಗೇ ಗೊತ್ತಾಗುತ್ತದೆ. ಶೋಧಕ ಸೆಕೆಂಡಿಗೆ ಸುಮಾರು 1.5 ಮೀಟರ್ ವೇಗದಲ್ಲಿ ಇಳಿಯುವುದರಿಂದ 300 ಮೀಟರಿನ ಅಳತೆ ಮೂರೂವರೆ ನಿಮಿಷದೊಳಗೆ ಮುಗಿಯುತ್ತದೆ. ತಂತಿ ಮುಗಿದು ಹರಿದಾಗ ಸ್ವರ ನಿಲ್ಲುತ್ತದೆ.

ಬಿದ್ದ ಏಟಿಗೆ ಸಂವೇದಕ ಕೆಟ್ಟು ತಪ್ಪು ಲೆಕ್ಕ ಕೊಡುತ್ತದೆ ಎಂಬುದು ಸಾಮಾನ್ಯ ಕಲ್ಪನೆ. ನನ್ನ ಅನುಭವದಲ್ಲಿ ಏಟಿನಿಂದ ಆಗುವ ಹಾನಿ ಹೆಚ್ಚಾಗಿ ಅಡಗಿ ಕೂರುವುದಿಲ್ಲ: ಉಪಕರಣ ಒಂದೋ ಕೆಲಸ ಮಾಡುತ್ತದೆ, ಇಲ್ಲವೇ ಪೂರ್ತಿ ಮೌನವಾಗುತ್ತದೆ. ವಿದ್ಯುನ್ಮಂಡಲವನ್ನು ಅಂಟುರಾಳದಲ್ಲಿ ಮುಳುಗಿಸಿ ಗಟ್ಟಿ ಮಾಡಿರುತ್ತಾರೆ. ಪುಟ್ಟ ಮಣಿಯಂಥ ಥರ್ಮಿಸ್ಟರ್‌ಗೆ ಅಲುಗಾಡುವ ಭಾಗಗಳೇ ಇಲ್ಲ. ಪ್ಯಾರಾಶೂಟ್ ಸಿಕ್ಕಿಹಾಕಿಕೊಳ್ಳುವುದು, ಗಾಳಿಚೀಲ ಉಬ್ಬದಿರುವುದು, ತಂತಿ ಅರ್ಧದಲ್ಲೇ ತುಂಡಾಗುವುದು, ದೊಡ್ಡ ಅಲೆ ಆಂಟೆನಾವನ್ನು ಮುಳುಗಿಸಿ ಸಂಕೇತ ಕಡಿಯುವುದು, ಇವೇ ನಾವು ಪದೇ ಪದೇ ನೋಡುವ ವೈಫಲ್ಯಗಳು. ಆದ್ದರಿಂದ ಕೆಲವು ವಿಫಲವಾಗುತ್ತವೆ ಎಂದೇ ಲೆಕ್ಕ ಹಾಕಿ ಹೆಚ್ಚು ಸಂಖ್ಯೆಯಲ್ಲಿ ಬೀಳಿಸುತ್ತಾರೆ. ಒಂದರ ಸ್ವರ ಇನ್ನೊಂದರ ಜೊತೆ ಕಲಸಿಹೋಗದಂತೆ 170.5, 172.0 ಮತ್ತು 173.5 ಮೆಗಾಹರ್ಟ್ಸ್‌ನ ಮೂರು ವಾಹಿನಿಗಳಲ್ಲಿ ಸರದಿಯಂತೆ ಬಿಡುವ ಪದ್ಧತಿಯಿದೆ.

ನಿಜವಾಗಿ ಎಚ್ಚರಿಕೆ ಬೇಕಾದದ್ದು ಹೆಚ್ಚಿನವರು ಯೋಚಿಸದ ಇನ್ನೊಂದು ಕಡೆ. ಈ ಶೋಧಕದಲ್ಲಿ ಆಳವನ್ನು ಅಳೆಯುವ ಸಂವೇದಕವೇ ಇಲ್ಲ. ಅದು ಬಿಡುಗಡೆಯಾದ ಕ್ಷಣದಿಂದ ಎಷ್ಟು ಸೆಕೆಂಡು ಕಳೆಯಿತು ಎಂಬುದನ್ನು, ಇಳಿಯುವ ವೇಗದ ಸೂತ್ರಕ್ಕೆ ಹಾಕಿ ಆಳವನ್ನು ಲೆಕ್ಕ ಮಾಡುತ್ತಾರೆ. ಸ್ವರ ಶುರುವಾದ ಕ್ಷಣವನ್ನು ಎರಡು ಸೆಕೆಂಡು ತಪ್ಪಾಗಿ ಗುರುತಿಸಿದರೆ ಆಳದಲ್ಲಿ 3 ಮೀಟರ್ ತಪ್ಪಾಯಿತು. ಮೇಲ್ಪದರದಲ್ಲಿ ಇದರಿಂದ ಏನೂ ವ್ಯತ್ಯಾಸವಾಗದು. ಆದರೆ ಬಿಸಿ ಮತ್ತು ತಣ್ಣನೆಯ ನೀರು ಸಂಧಿಸುವಲ್ಲಿ, ಕೆಲವೇ ಮೀಟರಿನಲ್ಲಿ ಒಂದು ಡಿಗ್ರಿ ಇಳಿಯುವ ಜಾಗದಲ್ಲಿ, ಅದೇ ತಪ್ಪು ದೊಡ್ಡದಾಗುತ್ತದೆ. ಹಡಗಿನಿಂದ ಬಿಡುವ ಇದೇ ಜಾತಿಯ ಉಪಕರಣಗಳ ಹಳೆಯ ದಾಖಲೆಗಳಲ್ಲಿ ಒಂದು ವ್ಯವಸ್ಥಿತ ದೋಷವಿರುವುದನ್ನು 2007ರಲ್ಲಿ ಪ್ರಕಟವಾದ ಸಂಶೋಧನೆ ಸ್ಪಷ್ಟವಾಗಿ ತೋರಿಸಿತು. ಇಳಿಯುವ ವೇಗದ ಸೂತ್ರದ ತಪ್ಪು ಅದರ ಮುಖ್ಯ ಕಾರಣಗಳಲ್ಲಿ ಒಂದು. ಅದರಿಂದಾಗಿ ಕೆಲವು ದಶಕಗಳಲ್ಲಿ ಸಮುದ್ರ ಇದ್ದುದಕ್ಕಿಂತ ಬೆಚ್ಚಗಿದ್ದಂತೆ ಕಂಡಿತ್ತು, ಆ ದತ್ತಾಂಶಗಳನ್ನೆಲ್ಲ ತಿದ್ದಬೇಕಾಯಿತು. ಏಕಕಾಲದಲ್ಲಿ ನಿಖರ ಉಪಕರಣದೊಂದಿಗೆ ಹೋಲಿಸಿ ನೋಡುವುದೇ ಇಂಥ ದೋಷಕ್ಕೆ ಮದ್ದು. ಚಂಡಮಾರುತದ ಕೆಲಸಕ್ಕೆ ಬೇಕಾದ ಪ್ರಶ್ನೆ "26 ಡಿಗ್ರಿಯ ನೀರು 40 ಮೀಟರಿಗೆ ಮುಗಿಯುತ್ತದೆಯೆ, 110ಕ್ಕೆ ಮುಗಿಯುತ್ತದೆಯೆ" ಎಂಬುದು. ಅದಕ್ಕೆ ಈ ಉಪಕರಣದ ನಿಖರತೆ ಧಾರಾಳವಾಗಿ ಸಾಕು. ಹವಾಮಾನ ಬದಲಾವಣೆಯ ಸೂಕ್ಷ್ಮ ಲೆಕ್ಕಕ್ಕಾದರೆ ನಾನು ಇದೊಂದನ್ನೇ ನೆಚ್ಚಿಕೊಳ್ಳುವುದಿಲ್ಲ.

ಹಾಗಾದರೆ ಮಿಲ್ಟನ್ ವಿಷಯದಲ್ಲಿ ಲೆಕ್ಕ ತಪ್ಪಿತೆ? ಇಲ್ಲ. 2024ರ ಅಕ್ಟೋಬರ್ 7ರಂದು ಮಿಲ್ಟನ್ ನಿಜವಾಗಿಯೂ ಐದನೇ ದರ್ಜೆಗೆ ಏರಿತ್ತು. ಅದರ ಕೇಂದ್ರದ ಒತ್ತಡ 900 ಹೆಕ್ಟೊಪ್ಯಾಸ್ಕಲ್‌ಗಿಂತ ಕೆಳಗೆ ಇಳಿದಿತ್ತು. ಅಕ್ಟೋಬರ್ 9ರ ರಾತ್ರಿ ಸಿಯೆಸ್ಟಾ ಕೀ ಬಳಿ ದಡ ಮುಟ್ಟುವ ಮುನ್ನ ಅದು ದುರ್ಬಲವಾದದ್ದಕ್ಕೆ ಮುಖ್ಯ ಕಾರಣ ಸಮುದ್ರದಲ್ಲಿರಲಿಲ್ಲ. ಮೇಲಿನ ಮತ್ತು ಕೆಳಗಿನ ಗಾಳಿಗಳ ವೇಗ ಮತ್ತು ದಿಕ್ಕಿನ ಅಂತರ ಹಾಗೂ ಒಣಗಾಳಿ ಅದರ ರಚನೆಯನ್ನು ಕೆಡಿಸಿದವು. ದಡ ಸೇರುವ ಮುನ್ನ ಹೀಗೆ ಸ್ವಲ್ಪ ಇಳಿಯಬಹುದು ಎಂದು ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ ಮೊದಲೇ ಹೇಳಿಯೂ ಇತ್ತು. ಸಮುದ್ರದ ಶಾಖ ಚಂಡಮಾರುತಕ್ಕೆ ಒದಗಬಹುದಾದ ಇಂಧನದ ಮಿತಿಯನ್ನು ಹೇಳುತ್ತದೆ. ಅದನ್ನು ಉರಿಸಿಕೊಳ್ಳಲು ಗಾಳಿಯ ಸ್ಥಿತಿ ಬಿಡುತ್ತದೆಯೆ ಎಂಬುದು ಬೇರೆಯೇ ಪ್ರಶ್ನೆ. 2023ರ ಅಕ್ಟೋಬರಿನಲ್ಲಿ ಓಟಿಸ್ ಹರಿಕೇನ್ ಒಂದೇ ದಿನದಲ್ಲಿ ಐದನೇ ದರ್ಜೆಗೆ ಏರಿ ಮೆಕ್ಸಿಕೊದ ಅಕಾಪುಲ್ಕೊದ ಮೇಲೆ ಎರಗಿದಾಗ ಮುನ್ಸೂಚನೆ ದೊಡ್ಡ ಪ್ರಮಾಣದಲ್ಲಿ ಸೋತಿತು. ಅಲ್ಲಿನ ನೀರು ಬಿಸಿಯಾಗಿದೆ ಎಂಬುದು ತಿಳಿಯದ ವಿಷಯವೇನೂ ಆಗಿರಲಿಲ್ಲ. ಆದ್ದರಿಂದ ನೀರಿನೊಳಗಿನ ಅಳತೆ ಮುನ್ಸೂಚನೆಯನ್ನು ಸುಧಾರಿಸುತ್ತದೆ, ಆದರೆ ಒಂದೇ ಏಟಿಗೆ ಬಗೆಹರಿಸುವುದಿಲ್ಲ. ನಮ್ಮ ಕ್ಷೇತ್ರದ ಕೆಲವರು ಹೇಳಿಕೊಳ್ಳುವಷ್ಟು ದೊಡ್ಡ ಪವಾಡ ಅದಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಿಮ್ಮ ಮನೆಯ ವಿಷಯಕ್ಕೆ ಇದರಿಂದ ಒದಗುವ ಅರ್ಥವಿಷ್ಟು. ಮಿಲ್ಟನ್ ಬರುವ ಎರಡು ವಾರ ಮುಂಚೆ ಹೆಲೀನ್ ಹರಿಕೇನ್ ಟ್ಯಾಂಪಾದಿಂದ ಬಹಳ ದೂರದಲ್ಲೇ ಸಮುದ್ರದಲ್ಲಿ ಹಾದುಹೋದರೂ ಟ್ಯಾಂಪಾ ಕೊಲ್ಲಿಯಲ್ಲಿ ದಾಖಲೆಯ ಮಟ್ಟಕ್ಕೆ ಕಡಲು ಉಕ್ಕಿತು. ಮಿಲ್ಟನ್‌ನಲ್ಲಿ ಅದರ ಕೇಂದ್ರ ನಿಮ್ಮ ದಕ್ಷಿಣಕ್ಕೆ ಹಾದದ್ದರಿಂದ ಗಾಳಿ ನೆಲದ ಕಡೆಯಿಂದ ಬೀಸಿ, ಅದೇ ಕೊಲ್ಲಿಯ ನೀರು ಹಿಂದಕ್ಕೆ ಸರಿಯಿತು. ಪಥ ಸ್ವಲ್ಪ ಉತ್ತರಕ್ಕೆ ಜಾರಿದ್ದರೆ ಫಲ ಪೂರ್ತಿ ತಿರುವುಮುರುವಾಗುತ್ತಿತ್ತು. ಕಡಲು ಎಷ್ಟು ಉಕ್ಕುತ್ತದೆ ಎಂಬುದನ್ನು ದರ್ಜೆಯ ಸಂಖ್ಯೆಯಷ್ಟೇ ಪಥ, ಚಂಡಮಾರುತದ ಅಗಲ ಮತ್ತು ತೀರದ ಆಕಾರವೂ ನಿರ್ಧರಿಸುತ್ತವೆ. ಮನೆ ಬಿಡುವ ತೀರ್ಮಾನವನ್ನು ನಿಮ್ಮ ವಿಳಾಸದ ತೆರವು ವಲಯ ಮತ್ತು ಕಡಲುಕ್ಕುವಿಕೆಯ ಎಚ್ಚರಿಕೆ ನೋಡಿ ಮಾಡಿ. ದರ್ಜೆ ಇಳಿಯಿತು ಎಂಬ ಸುದ್ದಿ ಕೇಳಿ ಅರ್ಧ ದಾರಿಯಿಂದ ಹಿಂತಿರುಗಬೇಡಿ. ನೀವು ಅಂದು ಮಾಡಿದ್ದು ಸರಿಯಾದ ಕೆಲಸ.

ಮಿಲಿಟರಿ ಎಂಬ ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಈ ಕೊಳವೆಯ ಅಳತೆ ಬಂದದ್ದೇ ಜಲಾಂತರ್ಗಾಮಿಗಳನ್ನು ಆಲಿಸುವ ಸೋನೊಬಾಯ್ ಎಂಬ ತೇಲುಬುರುಡೆಗಳಿಂದ. ನೀರಿನಲ್ಲಿ ಶಬ್ದದ ವೇಗ ಮತ್ತು ಬಾಗುವಿಕೆ ಉಷ್ಣತೆಯನ್ನು ಅವಲಂಬಿಸಿರುವುದರಿಂದ ನೌಕಾಪಡೆಗಳಿಗೆ ನೀರಿನ ಉಷ್ಣತೆ ಮೊದಲಿನಿಂದಲೂ ಬೇಕಾಗಿತ್ತು. ಅದೇ ಕೊಳವೆ, ಅದೇ ಬೀಳಿಸುವ ಯಂತ್ರ, ಅದೇ ರೇಡಿಯೋ ಹವಾಮಾನದವರಿಗೂ ಅನುಕೂಲವಾಯಿತು. ಆದರೆ ಹರಿಕೇನ್ ಮುಂದೆ ಬೀಳಿಸುವ ಉಷ್ಣತಾಮಾಪಕದಲ್ಲಿ ಶಬ್ದ ಆಲಿಸುವ ಸಾಧನ ಇರುವುದಿಲ್ಲ, ಮತ್ತು ಅದರ ಅಳತೆಗಳು ಮುನ್ಸೂಚನಾ ಕೇಂದ್ರಗಳ ಜಾಲಕ್ಕೆ ಸೇರುತ್ತವೆ.

ಕಸದ ಬಗೆಗಿನ ನಿಮ್ಮ ಚಿಂತೆಯನ್ನು ನಾನು ತಳ್ಳಿಹಾಕುವುದಿಲ್ಲ. ಒಮ್ಮೆ ಬಳಸುವ ಕೊಳವೆಯನ್ನು ಯಾರೂ ಹಿಂದಕ್ಕೆ ತರುವುದಿಲ್ಲ. ಕೆಲಸ ಮುಗಿದ ಮೇಲೆ ತಾನೇ ಮುಳುಗುವಂತೆ ಅದನ್ನು ಮಾಡಿರುತ್ತಾರೆ. ಲೋಹ, ಪ್ಲಾಸ್ಟಿಕ್, ತಾಮ್ರದ ತಂತಿ, ಪ್ಯಾರಾಶೂಟಿನ ಬಟ್ಟೆ, ಬ್ಯಾಟರಿ ಎಲ್ಲವೂ ತಳ ಸೇರುತ್ತವೆ. ಒಂದು ಚಂಡಮಾರುತಕ್ಕೆ ಬೀಳಿಸುವ ಸಂಖ್ಯೆ ಕೆಲವು ಹತ್ತುಗಳಷ್ಟೇ ಆದರೂ ಅದು ಸಮಜಾಯಿಷಿಯಾಗುವುದಿಲ್ಲ. ಇದಕ್ಕೆ ಸರಿಯಾದ ಪರಿಹಾರ, ಒಂದೇ ಉಪಕರಣದಿಂದ ಹೆಚ್ಚು ಅಳತೆ ಪಡೆಯುವುದು. ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯವರ ಪಾಲ್ಗೊಳ್ಳುವಿಕೆಯಿಂದ ರೂಪುಗೊಂಡ ಅಲಾಮೊ ಎಂಬ ಪುಟ್ಟ ತೇಲುಕ ಅದೇ ಸೋನೊಬಾಯ್ ಕೊಳವೆಯಿಂದ ಬೀಳುತ್ತದೆ. ತನ್ನ ತೇಲುವ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡಿಕೊಂಡು ನೂರಕ್ಕೂ ಹೆಚ್ಚು ಬಾರಿ ಮುಳುಗಿ ಎದ್ದು, ಪ್ರತಿ ಸಲವೂ ಉಪಗ್ರಹದ ಮೂಲಕ ಲೆಕ್ಕ ಕಳುಹಿಸುತ್ತದೆ. ಇದರಲ್ಲಿ ಒತ್ತಡದ ಸಂವೇದಕ ಇರುವುದರಿಂದ ಆಳದ ಲೆಕ್ಕ ಊಹೆಯಲ್ಲ. ಬೆಲೆ ಮಾತ್ರ ಬಹಳ ಹೆಚ್ಚು. ಬಿದ್ದ ಏಟಿಗೆ ಒಂದು ಹಾಳಾದರೆ ನಷ್ಟವೂ ದೊಡ್ಡದು.

ಇನ್ನು ನಮ್ಮ ಕಡಲಿನ ಮಾತು. 2021ರ ಮೇ 14ರ ಹೊತ್ತಿಗೆ ರೂಪುಗೊಂಡ ತೌಕ್ತೆ ಕರ್ನಾಟಕದ ಕರಾವಳಿಯ ಹೊರಗೆ ಉತ್ತರಕ್ಕೆ ಸಾಗುತ್ತಾ ಬಲಿತು, 17ರ ರಾತ್ರಿ ಗುಜರಾತಿನ ದಡ ಮುಟ್ಟಿತು. ಭಾರತದಲ್ಲಿ ಅಮೆರಿಕದಂತೆ ಚಂಡಮಾರುತದೊಳಕ್ಕೆ ನಿಯಮಿತವಾಗಿ ಹಾರುವ ವಿಮಾನ ತಂಡ ಇಲ್ಲ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್ಕಾಯ್ಸ್ ನೋಡಿಕೊಳ್ಳುವ ಆರ್ಗೋ ತೇಲುಕಗಳು, ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆ ಎನ್‌ಐಒಟಿ ಲಂಗರು ಹಾಕಿ ನಿಲ್ಲಿಸಿದ ತೇಲುಬುರುಡೆಗಳು ಮತ್ತು ಉಪಗ್ರಹಗಳೇ ಆಧಾರ. ಸಾಧನಗಳು ಪೂರ್ತಿ ಅಪರಿಚಿತವೇನಲ್ಲ: ನೌಕಾಪಡೆಯ ಪಿ-8ಐ ವಿಮಾನಗಳು ಸೋನೊಬಾಯ್ ಬೀಳಿಸುತ್ತವೆ, 2024ರ ಆಗಸ್ಟಿನಲ್ಲಿ ಅಮೆರಿಕ ಭಾರತಕ್ಕೆ ಮಾರಲು ಒಪ್ಪಿದ ಸೋನೊಬಾಯ್‌ಗಳ ಪಟ್ಟಿಯಲ್ಲಿ ಉಷ್ಣತೆ ಅಳೆಯುವ ಮಾದರಿಯೂ ಇತ್ತು.

ಆದರೆ ಅಮೆರಿಕದ ಪದ್ಧತಿಯನ್ನು ಹಾಗೆಯೇ ಎತ್ತಿ ತಂದು ಅರಬ್ಬೀ ಸಮುದ್ರದಲ್ಲಿ ಇಳಿಸಿದರೆ ಒಂದು ಮುಖ್ಯ ಸಂಗತಿ ತಪ್ಪಿಹೋಗುತ್ತದೆ, ಅದು ಉಪ್ಪು. ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರು ಶ್ರೀಲಂಕಾವನ್ನು ಬಳಸಿ ಕೇರಳ, ಲಕ್ಷದ್ವೀಪಗಳ ಕಡೆಗೆ ಹರಿದುಬರುತ್ತದೆ. ಈ ಹಗುರ ನೀರು ಮೇಲೆ ಹರಡಿಕೊಳ್ಳುವುದರಿಂದ ಅದರ ಕೆಳಗೆ ಅಷ್ಟೇ ಬೆಚ್ಚಗಿದ್ದರೂ ಹೆಚ್ಚು ಉಪ್ಪಿರುವ, ಭಾರವಾದ ಒಂದು ಪದರ ಉಳಿಯುತ್ತದೆ. ಇದನ್ನು ತಡೆಪದರ ಎನ್ನುತ್ತೇವೆ. ಗಾಳಿ ಕಲಕಿದರೂ ತಳದ ತಣ್ಣನೆಯ ನೀರು ಮೇಲೆ ಬರುವುದನ್ನು ಇದು ತಡೆಯುತ್ತದೆ. ಮುಂಗಾರಿನ ಮುಂಚೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಆಗ್ನೇಯ ಅರಬ್ಬೀ ಸಮುದ್ರ 30 ಡಿಗ್ರಿಯನ್ನು ದಾಟಿ ಬಿಸಿಯಾಗುವುದರ ಹಿಂದೆ ಈ ಉಪ್ಪಿನ ಪದರಗಳ ಪಾತ್ರವೂ ಇದೆ. ತಡೆಪದರದ ಮೇಲೆ ಹಾಯುವ ಚಂಡಮಾರುತಗಳು ಹೆಚ್ಚು ವೇಗವಾಗಿ ಬಲಿಯುತ್ತವೆ ಎಂದು ಜಗತ್ತಿನ ಹಲವು ಸಮುದ್ರಗಳ ದಾಖಲೆ ನೋಡಿದ 2012ರ ಅಧ್ಯಯನವೊಂದು ತೋರಿಸಿದೆ. ಉಷ್ಣತೆಯನ್ನಷ್ಟೇ ಅಳೆಯುವ ಕೊಳವೆಗೆ ಈ ಪದರ ಕಾಣಿಸುವುದೇ ಇಲ್ಲ. ಅದು "ಇಲ್ಲಿಂದ 60 ಮೀಟರಿನವರೆಗೆ ಒಂದೇ ಉಷ್ಣತೆ" ಎಂದು ಹೇಳಿ ಮುಗಿಸುತ್ತದೆ. ಆ 60 ಮೀಟರ್ ಸುಲಭವಾಗಿ ಕಲಕಿಹೋಗುತ್ತದೆ ಎಂದುಕೊಂಡ ಗಣಕ ಮಾದರಿ ಸಮುದ್ರ ಇನ್ನಷ್ಟು ತಣ್ಣಗಾಗುತ್ತದೆ ಎಂದು ತಪ್ಪು ಲೆಕ್ಕ ಹಾಕಬಹುದು.

ಆದ್ದರಿಂದ ನಮ್ಮ ತೀರಕ್ಕೆ ನೀರಿನ ವಿದ್ಯುತ್ ವಾಹಕತೆಯನ್ನೂ ಅಳೆದು ಲವಣಾಂಶ ಹೇಳುವ ಸಾಧನವೇ ಬೇಕು. ಒಮ್ಮೆ ಬಳಸುವ, 1,000 ಮೀಟರ್ ಇಳಿಯುವ ಅಂಥ ಕೊಳವೆಗಳೂ ಇವೆ, ಹಲವು ಬಾರಿ ಮುಳುಗೇಳುವ ತೇಲುಕಗಳೂ ಇವೆ. ವಾಹಕತೆಯ ಸಂವೇದಕ ಥರ್ಮಿಸ್ಟರ್‌ಗಿಂತ ನಾಜೂಕು: ಒಂದು ಗಾಳಿಗುಳ್ಳೆ ಅಥವಾ ಎಣ್ಣೆಯ ಪಸೆ ಅದರೊಳಗೆ ಸಿಕ್ಕಿದರೂ ಲೆಕ್ಕ ಕೆಡುತ್ತದೆ, ಮತ್ತು ಉಷ್ಣತೆಯ ಸಂವೇದಕವೂ ವಾಹಕತೆಯ ಸಂವೇದಕವೂ ಒಂದೇ ವೇಗದಲ್ಲಿ ಸ್ಪಂದಿಸದಿದ್ದರೆ ಪದರಗಳ ಗಡಿಯಲ್ಲಿ ನಿಜವಾಗಿ ಇಲ್ಲದ ಲವಣಾಂಶದ ಚೂಪು ಏರಿಳಿತಗಳು ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತವೆ. ಇದನ್ನು ಸರಿಪಡಿಸುವ ನುರಿತ ಕೈಗಳು ದಡದಲ್ಲಿರಬೇಕು. ಗಾಳಿಯ ಒತ್ತಡ ಮತ್ತು ಅಲೆ ಅಳೆಯುತ್ತಾ ಮೇಲ್ಮೈಯಲ್ಲಿ ತೇಲುವ ಅಗ್ಗದ ಬುರುಡೆಗಳು ಇನ್ನೊಂದು ದಾರಿ. ಅವುಗಳ ರಟ್ಟಿನ ಹೊದಿಕೆ ಮತ್ತು ಅಂಟುಪಟ್ಟಿ ನೀರಿನಲ್ಲಿ ಕರಗಿಹೋಗುವಂಥವು, ಮತ್ತು 2003ರ ಫೇಬಿಯನ್ ಹರಿಕೇನ್‌ನಿಂದ ಮೊದಲ್ಗೊಂಡು ಇಂಥವನ್ನು ಚಂಡಮಾರುತಗಳ ಮುಂದೆ ಬೀಳಿಸುತ್ತಾ ಬಂದಿದ್ದಾರೆ. ಆದರೆ ಸುಮಾರು 150 ಮೀಟರ್ ಉದ್ದದ ಉಷ್ಣಮಾಪಕಗಳ ಸರಪಳಿ ತೂಗುಹಾಕಿದ ಮಾದರಿಯನ್ನು ಬಿಟ್ಟರೆ ಅವಕ್ಕೆ ಒಳಗಿನ ನೀರು ತಿಳಿಯದು.

ಆಯ್ಕೆ ನನ್ನ ಕೈಯಲ್ಲಿದ್ದರೆ ಚಂಡಮಾರುತದೊಳಕ್ಕೆ ಹಾರುವ ದುಬಾರಿ ಸಾಹಸಕ್ಕೆ ಕಾಯದೆ ಬೇರೆ ಕ್ರಮ ಅನುಸರಿಸುತ್ತಿದ್ದೆ. ಏಪ್ರಿಲ್ ಕೊನೆಯಲ್ಲೇ ಹಡಗುಗಳಿಂದ ಲಕ್ಷದ್ವೀಪದ ಸುತ್ತ ಲವಣಾಂಶ ಅಳೆಯುವ ತೇಲುಕಗಳನ್ನು ಬಿಡಿಸುತ್ತಿದ್ದೆ. ವಾಯುಭಾರ ಕುಸಿತ ಕಾಣಿಸಿದ ಮೇಲೆ, ಅದರ ಮುಂದಿನ ಪಥದಲ್ಲಿ ಇನ್ನೂ ಹವೆ ಶಾಂತವಾಗಿರುವ ಎರಡು ಮೂರು ದಿನ ಮುಂಚೆ, ಈಗಾಗಲೇ ಇರುವ ನೌಕಾಪಡೆ ಅಥವಾ ವಾಯುಪಡೆಯ ವಿಮಾನಗಳಿಂದ ಇನ್ನಷ್ಟನ್ನು ಬೀಳಿಸುತ್ತಿದ್ದೆ. ಇದರಲ್ಲಿ ಒಂದು ಅಪಾಯವಿದೆ: ಪಥ ಬದಲಾದರೆ ಉಪಕರಣಗಳು ತಪ್ಪು ಜಾಗದಲ್ಲಿ ಉಳಿದುಬಿಡುತ್ತವೆ. ಆದರೆ ತೌಕ್ತೆಯಂತೆ ತೀರದ ಉದ್ದಕ್ಕೂ ಸಾಗುವ ಚಂಡಮಾರುತದಲ್ಲಿ ಆ ಅಪಾಯ ಕಡಿಮೆ, ಮತ್ತು ಸಿಬ್ಬಂದಿಯ ಪ್ರಾಣಕ್ಕೆ ಆಪತ್ತಿಲ್ಲ.

ಕೊನೆಗೆ ನಿಮ್ಮ ಅಣ್ಣನವರ ಬಲೆಗೆ ಸಿಕ್ಕ ಕೊಳವೆಯ ವಿಷಯ. ಅದು ಏನೆಂದು ನೋಡದೆ ಹೇಳಲಾಗದು, ಆದರೆ ಮುಂದೆ ಸಿಕ್ಕಿದರೆ ಅವರು ಅದನ್ನು ಬಿಚ್ಚುವುದಾಗಲಿ, ಕುಟ್ಟುವುದಾಗಲಿ, ಗುಜರಿಗೆ ಹಾಕುವುದಾಗಲಿ ಮಾಡಬಾರದು. ಸಂಶೋಧನಾ ತೇಲುಕಗಳಲ್ಲಿ ಲಿಥಿಯಂ ಬ್ಯಾಟರಿಗಳಿರುತ್ತವೆ. ಒಳಗೆ ನೀರು ನುಗ್ಗಿದ್ದರೆ ಅನಿಲ ತುಂಬಿ ಒತ್ತಡ ಏರಿರಬಹುದು. ಮಿಲಿಟರಿ ಸಾಧನವಾಗಿದ್ದರೆ ಅದರಲ್ಲಿ ಸ್ಫೋಟಕವೂ ಇರುವ ಸಾಧ್ಯತೆಯಿದೆ. ದೋಣಿಯಲ್ಲಿ ಜನರಿಂದ ದೂರ, ಬಿಸಿಲು ನೇರ ಬೀಳದ ಕಡೆ ಇಟ್ಟು, ಮೇಲಿರುವ ಸಂಖ್ಯೆ ಮತ್ತು ಬರಹದ ಫೋಟೋ ತೆಗೆದು, ಸಿಕ್ಕ ಜಾಗದ ಜಿಪಿಎಸ್ ಅಂಕಿಯನ್ನು ಬರೆದುಕೊಂಡು, ಕರಾವಳಿ ಕಾವಲು ಪೊಲೀಸರ 1093 ಅಥವಾ ಕೋಸ್ಟ್ ಗಾರ್ಡ್‌ನ 1554 ಸಂಖ್ಯೆಗೆ ಕರೆ ಮಾಡಲಿ. ಬಲೆಯಿಂದ ಬಿಡಿಸಲು ಆಗದೆ ಹೋದರೆ ತಂತಿಯನ್ನು ಕತ್ತರಿಸುವುದಕ್ಕಿಂತ ಬಲೆಯ ಆ ಭಾಗವನ್ನೇ ಕತ್ತರಿಸುವುದು ಸುರಕ್ಷಿತ.